ಅಂಟಿನುಂಡೆಗೆ ನಾನು ಬೆರೆಸಿದ ಬೇರು

ತಸ್ನೀಮ್, ನೀನು ಗುಳಿಗೆಯನ್ನು ಎರಡೆರಡು ಸಲ ನುಂಗಿರಲಿಲ್ಲ. ಅದು ನನಗೆ ಗೊತ್ತಿತ್ತು. ಡಾಕ್ಟರು ಕೇಳಿದಾಗಲೂ ಗೊತ್ತಿತ್ತು, ನಿನ್ನ ಗಂಡ ಇಮ್ತಿಯಾಜ್ ನಿನ್ನ ಮೇಲೆ ರೇಗಿದಾಗಲೂ ಗೊತ್ತಿತ್ತು, ಆಸ್ಪತ್ರೆಯ ಮಂಚದ ಮೇಲೆ ನನ್ನ ಕೈ ಹಿಡಿದು ನೀನು "ಅಕ್ಕಾ, ನಾ ಖರೇನ ಮರತೆನೇನು?" ಎಂದು ಕೇಳಿದಾಗಲಂತೂ ಚೆನ್ನಾಗಿಯೇ ಗೊತ್ತಿತ್ತು. ಆದರೂ ಹೌದೆಂದು ತಲೆಯಾಡಿಸಿದೆ. ನಿನ್ನ ರಕ್ತ ನಿಲ್ಲದ ಹಾಗೆ ಮಾಡಿದ್ದು ನಿನ್ನ ಮರೆವಲ್ಲ — ನಾನು ಕಟ್ಟಿ ತಂದ ಅಂಟಿನುಂಡೆ. ಅದರಲ್ಲಿ ನಿನಗೆ ಹೇಳದೆ ನಾನು ಬೆರೆಸಿದ್ದ ಒಂದು ಚೀನೀ ಬೇರು.

ಹೇಳಿಬಿಟ್ಟೆ. ಇನ್ನು ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವ ಸಂಗತಿಗಳೂ ನಡುವೆ ಬರುತ್ತವೆ. ಬರಲಿ — ನನ್ನ ಸುಳ್ಳನ್ನು ನಾಲ್ಕು ಜನ ಕೇಳಿ ನಂಬಿದ್ದಾರೆ, ಆದ್ದರಿಂದ ನಿಜವನ್ನೂ ಯಾರು ಕೇಳಿದರೂ ತಿಳಿಯುವ ಹಾಗೆ ಹೇಳಬೇಕು.

ನಿನ್ನನ್ನು ಮೊದಲು ಕಂಡದ್ದು ಸ್ಟರ್ಲಿಂಗ್ ಹೈಟ್ಸಿನ ಇಂಡಿಯನ್ ಅಂಗಡಿಯಲ್ಲಿ. ಗುಜರಾತಿ ಅಂಗಡಿಯವನನ್ನು ನೀನು "ಜ್ವಾಳದ ಹಿಟ್ಟು ಐತೇನ್ರಿ?" ಎಂದು ಕನ್ನಡದಲ್ಲೇ ಕೇಳಿದ್ದೆ, ಅವನು ಬಾಯಿ ಬಿಟ್ಟುಕೊಂಡು ನಿಂತಿದ್ದ. ರಾಣೆಬೆನ್ನೂರಿನ ಆ ಮಾತು ಕಿವಿಗೆ ಬಿದ್ದು ಹುಬ್ಬಳ್ಳಿಯವಳಾದ ನನ್ನ ಕೈಯಲ್ಲಿದ್ದ ಬುಟ್ಟಿ ಅಲ್ಲೇ ಕೆಳಗಿಳಿಯಿತು. ನಿನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ, ಆಗಲೇ ಬಸುರಿ. ಇಮ್ತಿಯಾಜ್ ಡ್ರೈ ಕ್ಲೀನಿಂಗ್ ಅಂಗಡಿ ಇಟ್ಟಿದ್ದ, ಬೆಳಿಗ್ಗೆ ಹೋದರೆ ರಾತ್ರಿ ಮನೆಗೆ. ಬಾಣಂತನಕ್ಕೆ ಬರಬೇಕಿದ್ದ ನಿನ್ನ ತಾಯಿಗೆ ವೀಸಾ ಸಿಗಲಿಲ್ಲ. ಆ ಸುದ್ದಿ ಬಂದ ದಿನ ನೀನು ಅಳುತ್ತಾ ಕುಳಿತಿದ್ದೆ, ನಾನೇ ಬಾಯಿ ಹಾಕಿದೆ: "ನಾ ಇಲ್ಲೇನು? ನಿನ್ನ ಬಾಣಂತನ ನಾ ಮಾಡ್ತೀನಿ. ಅಮೇರಿಕಾದಾಗ ನಿನ್ನ ತವರಮನಿ ನಂದು ಅಂತ ತಿಳ್ಕೊ."

ಆ ಮಾತಿನಲ್ಲಿ ಪ್ರೀತಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದರ ಜೊತೆ ಇನ್ನೊಂದೂ ಇತ್ತು. ನನಗೆ ಮಕ್ಕಳಾಗಲಿಲ್ಲ. ಕನ್ನಡದವರ ಪಿಕ್ನಿಕ್ಕಿನಲ್ಲಿ ಹೆಂಗಸರು ಮಕ್ಕಳ ಹಲ್ಲು, ಮಕ್ಕಳ ಶಾಲೆ ಎಂದು ಮಾತಿಗೆ ಕುಳಿತರೆ ನಾನು ಎದ್ದು ಹೋಗಿ ಪಲಾವಿನ ಪಾತ್ರೆ ಕದಡುತ್ತಿದ್ದೆ. ನಿನ್ನ ಬಾಣಂತನ ಹಿಡಿದ ಮೇಲೆ ಅವರೆಲ್ಲ ನನ್ನ ಕಡೆ ತಿರುಗಿ ಕುಳಿತರು. "ಗಿರಿಜಕ್ಕ ಜಾತಿ ಗೀತಿ ನೋಡ್ಲಿಲ್ಲ, ಹೆತ್ತ ತಾಯಿ ಹಂಗೆ ನೋಡ್ಕೊತಿದಾರೆ" ಎಂದರು. ಆ ಹೊಗಳಿಕೆ ನನಗೆ ಬೇಕಾಗಿತ್ತು ತಸ್ನೀಮ್. ಎಷ್ಟು ಬೇಕಾಗಿತ್ತೆಂದರೆ — ಅದನ್ನು ಉಳಿಸಿಕೊಳ್ಳಲು ನಿನ್ನನ್ನೇ ಬಲಿ ಕೊಟ್ಟುಬಿಟ್ಟೆ.

ನಾನು ಫ್ಯಾಕ್ಟರಿಯಲ್ಲಿ ಮಾಡುತ್ತಿದ್ದ ಕೆಲಸವನ್ನು ನಿನಗೆ ಎಂದೂ ಬಿಡಿಸಿ ಹೇಳಿಲ್ಲ. ಕಾರಿಗೆ ಬೇಕಾದ ರಬ್ಬರು, ಪ್ಲಾಸ್ಟಿಕ್ಕಿನ ಭಾಗಗಳನ್ನು ಬೇರೆ ಕಂಪನಿಗಳು ಮಾಡಿ ಕಳಿಸುತ್ತವೆ, ಅವು ಸರಿಯಾಗಿವೆಯೇ ಎಂದು ನೋಡುವವಳು ನಾನು. ಒಪ್ಪಿಕೊಂಡ ಮಿಶ್ರಣದಲ್ಲಿ ಒಂದು ಚಿಟಿಕೆ ಬದಲಾದರೂ ಅವರು ಮೊದಲು ನಮಗೆ ತಿಳಿಸಬೇಕು. ತಿಳಿಸದೆ ಬದಲಿಸಿದವರ ಲಾರಿಗಳನ್ನು ಗೇಟಿನಿಂದಲೇ ತಿರುಗಿಸಿ ಕಳಿಸಿದ್ದೇನೆ. ಫೋನಿನಲ್ಲಿ ಅವರ ಮೈ ಬೆವರುವ ಹಾಗೆ ಬೈದಿದ್ದೇನೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ಆ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ನಮ್ಮವ್ವ ಬಾಣಂತಿಯರಿಗೆ ಕಟ್ಟುತ್ತಿದ್ದ ಉಂಡೆಗೆ ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಒಣಶುಂಠಿ, ಬೆಲ್ಲ, ತುಪ್ಪ, ಜೊತೆಗೆ ಹಿಪ್ಪಲಿ ಬೇರಿನ ಪುಡಿ ಬೀಳುತ್ತಿತ್ತು. ಉಳಿದದ್ದೆಲ್ಲ ಸಿಕ್ಕಿತು, ಹಿಪ್ಪಲಿ ಬೇರು ಮಾತ್ರ ನನಗೆ ಎಲ್ಲೂ ಸಿಗಲಿಲ್ಲ. ಅದಿಲ್ಲದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಆದರೆ ಅವ್ವನ ಉಂಡೆಗೆ ನನ್ನದು ಒಂದು ಕೂದಲು ಕಡಿಮೆಯಾಗುವುದನ್ನೂ ನನಗೆ ಸಹಿಸಲಾಗಲಿಲ್ಲ. ಆಫೀಸಿನಲ್ಲಿ ಪಕ್ಕದ ಮೇಜಿನ ಲಿನ್‌ಗೆ ಇದನ್ನು ಹೇಳಿದೆ. ಅವಳ ತಾಯಿ ಚೀನಾದಿಂದ ಬಂದು ಮಗಳ ಜೊತೆಗಿದ್ದರು. ಬಾಣಂತಿಯರಿಗೆ ನಮ್ಮಲ್ಲೂ ಒಂದು ಬೇರು ಕೊಡುತ್ತಾರೆ ಎಂದು ಲಿನ್ ಮರುದಿನ ಒಂದು ಗಾಜಿನ ಡಬ್ಬಿ ತಂದಳು. ಅವಳ ಬಾಯಲ್ಲಿ ಅದು ದಾಂಗ್ ಗುಯ್. ಚೀನೀ ಅಂಗಡಿಯ ಪೊಟ್ಟಣಗಳ ಮೇಲೆ ಡಾಂಗ್ ಕ್ವಾಯ್ ಎಂದಿರುತ್ತದೆ. ತೆಳ್ಳಗೆ ಹೆಚ್ಚಿ ಒಣಗಿಸಿದ, ಅಂಚು ಕಂದಾಗಿ ನಡುವೆ ಬಿಳಿಚಿಕೊಂಡ ಹೋಳುಗಳು. ಮುಚ್ಚಳ ತೆಗೆದರೆ ಅಜವಾನಕ್ಕೂ ಸಬ್ಬಸಿಗೆಗೂ ನೆಂಟಸ್ತಿಕೆ ಬೆಳೆಸಿದಂಥ ವಾಸನೆ. ನನಗೆ ಹುಬ್ಬಳ್ಳಿಯ ಬಾಣಂತಿ ಕೋಣೆಯೇ ಮೂಗಿಗೆ ಬಂದ ಹಾಗಾಯಿತು.

ಆ ತಾಯಿ ಬೇರನ್ನು ಸುಮ್ಮನೆ ಕೊಟ್ಟು ಕಳಿಸಿರಲಿಲ್ಲ. ಹೆಂಗಸರ ಮುಟ್ಟಿನ ತೊಂದರೆಗೆ, ಹೆರಿಗೆಯಾದ ಮೇಲಿನ ನಿಶ್ಶಕ್ತಿಗೆ ತಲೆಮಾರುಗಳಿಂದ ಬಳಸಿದ ಬೇರದು, ಅದರ ಕಟ್ಟಳೆಯೂ ಅಷ್ಟೇ ಹಳೆಯದು. ಲಿನ್ ಎಲ್ಲವನ್ನೂ ಬಿಡಿಸಿ ಹೇಳಿದಳು — ಬಸುರಿಯರಿಗೆ ಬೇಡ, ಹೆರಿಗೆಯ ರಕ್ತ ಪೂರ್ತಿ ನಿಂತ ಮೇಲೆಯೇ ಕೊಡಬೇಕು, ಕೋಳಿಸಾರಿನಲ್ಲಿ ಒಂದೆರಡು ಹೋಳು ಸಾಕು, ಅದೂ ಕೆಲವೇ ದಿನ, ಡಾಕ್ಟರ ಔಷಧಿ ಏನಾದರೂ ನಡೆಯುತ್ತಿದ್ದರೆ ಅವರನ್ನು ಕೇಳದೆ ಮುಟ್ಟಬಾರದು. ನಾನು ಹೂಂ ಹೂಂ ಎಂದೆ. ಮನೆಗೆ ಬಂದು ಹೋಳುಗಳನ್ನೆಲ್ಲ ಹುರಿದು ಪುಡಿ ಮಾಡಿ, ಅವ್ವ ಹಿಪ್ಪಲಿ ಪುಡಿ ಹಾಕುತ್ತಿದ್ದ ಹಾಗೆ ಕೈಯಳತೆಯಲ್ಲಿ ಸುರಿದೆ. ಒಂದು ಬೇರಿನ ಜಾಗಕ್ಕೆ ಇನ್ನೊಂದು ಬೇರು. ಬೇರು ಬೇರೇ ತಾನೇ ಎಂದುಕೊಂಡೆ. ನಿನಗೆ ಹೇಳಲಿಲ್ಲ. ಚೀನಾದ್ದು ಎಂದರೆ ನೀನು ಹರಾಮೋ ಹಲಾಲೋ ಎಂದು ಅನುಮಾನಪಟ್ಟೀಯೆ ಎಂಬುದೊಂದು ನೆಪ. ನಿಜವೆಂದರೆ, ಇದು ಅವ್ವನ ಉಂಡೆಯಲ್ಲ ಎಂದು ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಸನಾ ಹುಟ್ಟಿದಳು. ಸಿಸೇರಿಯನ್ ಆಗಿತ್ತು. ನಾನು ಕೆಲಸ ಬಿಟ್ಟೊಡನೆ ನಿನ್ನ ಅಪಾರ್ಟ್‌ಮೆಂಟಿಗೆ ಬಂದು, ಮಗುವಿಗೆ ಎಣ್ಣೆ ತಿಕ್ಕಿ, ನಿನ್ನ ಸೊಂಟಕ್ಕೆ ಸೀರೆ ಬಿಗಿದು, ಉಂಡೆ ತಿನ್ನಿಸಿ, ಆಮೇಲೆ ಸೌತ್‌ಫೀಲ್ಡಿನ ನನ್ನ ಮನೆಗೆ ಹೋಗುತ್ತಿದ್ದೆ. "ಅಕ್ಕಾ, ಈ ಉಂಡಿಗೆ ಏನೋ ಬ್ಯಾರೇನ ಘಮ ಐತಿ" ಎನ್ನುತ್ತಿದ್ದೆ ನೀನು. "ಅದು ನಮ್ಮವ್ವನ ಕೈಗುಣ, ತಿನ್ನು" ಎನ್ನುತ್ತಿದ್ದೆ ನಾನು.

ಆಮೇಲೆ ನಿನ್ನ ಎಡಗಾಲು ಬಾತುಕೊಂಡಿತು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ರಕ್ತ ತೆಳುವಾಗಿಸುವ ಗುಳಿಗೆ ಶುರುವಾಯಿತು. ದಿನಕ್ಕೊಂದು, ತಪ್ಪದೆ ಒಂದೇ ಹೊತ್ತಿಗೆ. ನೀನು ಎಂಥ ಹೊತ್ತು ಆರಿಸಿಕೊಂಡೆ ಎಂಬುದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ: ಮನೆಯ ಅಜಾನ್ ಗಡಿಯಾರ ಸಂಜೆಯ ಮಗ್ರಿಬ್ ಕೂಗಿ ನಿಲ್ಲುತ್ತಲೇ ಒಂದು ಗುಳಿಗೆ, ಒಂದು ಲೋಟ ನೀರು. ಬಾಣಂತಿಗೆ ನಮಾಜು ಇಲ್ಲ, ಗುಳಿಗೆಯಾದರೂ ಹೊತ್ತಿಗೆ ಸರಿಯಾಗಿ ಆಗಲಿ ಎಂದು ನೀನು ನಗುತ್ತಿದ್ದೆ. ಒಂದು ದಿನವೂ ತಪ್ಪಿದ್ದನ್ನು, ಒಂದು ದಿನವೂ ಹೆಚ್ಚಾದದ್ದನ್ನು ನಾನು ಕಂಡಿಲ್ಲ. ನಾನು ಅಲ್ಲೇ ಇರುತ್ತಿದ್ದೆನಲ್ಲ.

ಈ ಗುಳಿಗೆ ಹಗ್ಗದ ಮೇಲಿನ ನಡಿಗೆ. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಅದಕ್ಕೇ ಆಗಾಗ ರಕ್ತ ಪರೀಕ್ಷೆಗೆ ಕರೆಯುತ್ತಿದ್ದರು. ಡ್ರೈವ್ ಮಾಡಿ ಕರೆದುಕೊಂಡು ಹೋಗುತ್ತಿದ್ದವಳು ನಾನು, ಅವರ ಇಂಗ್ಲಿಷನ್ನು ನಿನಗೆ ಹೇಳುತ್ತಿದ್ದವಳೂ ನಾನೇ. ಮೊದಲ ಸಲ ನರ್ಸ್, ಇದಲ್ಲದೆ ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದಾಳೆಯೇ ಎಂದು ಕೇಳಿದಳು. ನೀನು ನನ್ನ ಮುಖ ನೋಡಿದೆ.

"ಅಕ್ಕಾ, ಉಂಡಿ ಹೇಳ್ಲೇನು?"

"ಉಂಡಿ ಎಲ್ಲಿ ಔಷಧ ಆಗ್ತದ? ಅದು ಊಟ. ಹೇಳಿದ್ರ ನಗತಾರ" ಎಂದೆ. ನರ್ಸಿಗೆ, ಏನೂ ಇಲ್ಲ, ಮನೆ ಊಟ ಅಷ್ಟೇ, ಎಂದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಂಬಿ ಬೆಳೆದವರು ನಾವು. ಮನೆಯಲ್ಲಿ ಕುಟ್ಟಿದ್ದು, ಅರೆದದ್ದು, ಉಂಡೆ ಕಟ್ಟಿದ್ದು ಯಾವುದೂ ನಮ್ಮ ಲೆಕ್ಕದಲ್ಲಿ ಔಷಧವಲ್ಲ. ಆ ಒಂದು ಸಲವನ್ನು ಬೇಕಾದರೆ ತಿಳಿಗೇಡಿತನ ಎನ್ನು. ಆದರೆ ಅಲ್ಲಿಗೇ ನಿಲ್ಲಲಿಲ್ಲ.

ನಿನಗೆ ನಿಶ್ಶಕ್ತಿ ಎಂದು ಎರಡನೆಯ ಸಲ ಉಂಡೆ ಕಟ್ಟಿದೆ, ಬೇರಿನ ಪುಡಿ ಇನ್ನೂ ಒಂದು ಹಿಡಿ ಜಾಸ್ತಿ. ಪರೀಕ್ಷೆಯಲ್ಲಿ ರಕ್ತ ಮಿತಿಮೀರಿ ತೆಳುವಾಗಿದೆ ಎಂದು ಬಂತು. ಗುಳಿಗೆಯ ಪ್ರಮಾಣ ಇಳಿಸಿದರು. ಹಳೆಯ ಬಾಟಲಿಯ ಜೊತೆ ಬೇರೆ ಬಣ್ಣದ ಗುಳಿಗೆಯ ಹೊಸ ಬಾಟಲಿ ಮನೆಗೆ ಬಂತು. ಮುಂದಿನ ಪರೀಕ್ಷೆಯಲ್ಲೂ ಹಾಗೆಯೇ. ಈ ಸಲ ನರ್ಸ್ ಕುರ್ಚಿ ಎಳೆದುಕೊಂಡು ನನ್ನ ಎದುರಿಗೇ ಕುಳಿತಳು. ಚಹಾ, ಕಷಾಯ, ಬೇರು, ಪುಡಿ — ನಿಮ್ಮ ದೇಶದ್ದು, ಬೇರೆ ದೇಶದ್ದು, ಯಾವುದಾದರೂ ಇದೆಯೇ, ನೆನಪು ಮಾಡಿಕೊಂಡು ಹೇಳಿ ಎಂದಳು. ಬೇರು ಎಂಬ ಮಾತು ಕೇಳಿದ ಕೂಡಲೇ ಲಿನ್ ಹೇಳಿದ ಕಟ್ಟಳೆ ನೆನಪಾಯಿತು. ನನ್ನ ತೊಡೆಯ ಮೇಲೆ ಕೈಚೀಲ, ಅದರೊಳಗೆ ನಿನಗಾಗಿ ತಂದ ಉಂಡೆಯ ಸ್ಟೀಲ್ ಡಬ್ಬಿ. ಅವಳಿಗೆ ವಾಸನೆ ಬಂದೀತೆಂದು ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಹಿಡಿದುಕೊಂಡು, ಇಲ್ಲ, ಎಂದೆ.

ಆ "ಇಲ್ಲ"ಕ್ಕೆ ನನ್ನಲ್ಲಿ ಸಬೂಬಿಲ್ಲ.

ಮರುದಿನ ಆಫೀಸಿನಲ್ಲಿ ಲಿನ್ ಕೇಳಿದಳು, ನಿನ್ನ ಗೆಳತಿ ರಕ್ತದ ಗುಳಿಗೆ ತಗೊಳ್ಳುತ್ತಿದ್ದಾಳೆ ಅಂದೆಯಲ್ಲ, ಬೇರು ನಿಲ್ಲಿಸಿದೆ ತಾನೇ, ಎಂದು. ನಿಲ್ಲಿಸಿದೆ ಎಂದೆ. ಸಂಜೆ ನಿನ್ನ ಅಡುಗೆಮನೆಯಲ್ಲಿ ಡಬ್ಬಿಯ ಮುಂದೆ ನಿಂತೆ. ಎಸೆಯಬೇಕೆಂದೇ ಮುಚ್ಚಳ ತೆಗೆದೆ. ತುಪ್ಪದಲ್ಲಿ ಹುರಿದ ಅಂಟು, ಅಷ್ಟೊಂದು ಗಸಗಸೆ — ಚೆಲ್ಲಲು ಕೈ ಬರಲಿಲ್ಲ. ಎಸೆದರೆ ಯಾಕೆಂದು ನೀನು ಕೇಳುತ್ತಿದ್ದೆ, ನಾನು ಹೇಳಬೇಕಾಗುತ್ತಿತ್ತು. ಇದೊಂದು ಡಬ್ಬಿ ಮುಗಿದುಬಿಡಲಿ, ಮುಂದಿನ ಸಲ ಬೇರು ಹಾಕುವುದಿಲ್ಲ ಎಂದುಕೊಂಡು ಮುಚ್ಚಿಟ್ಟೆ. ಆ ದಿನವೂ ಒಂದು ಉಂಡೆ ನಿನ್ನ ಕೈಗೆ ಕೊಟ್ಟೆ. ನೀನು ತಿಂದೆ.

ಇಮ್ತಿಯಾಜನ ಫೋನು ಬಂದದ್ದು ಒಂದು ರಾತ್ರಿ, ಊಟದ ಹೊತ್ತಿನಲ್ಲಿ. "ಅಕ್ಕಾರ, ತಸ್ನೀಮ್ ಬಾತ್‌ರೂಮಿನ್ಯಾಗ ಬಿದ್ದಾಳ. ರಕ್ತ ನಿಲ್ಲವಲ್ದು. ಆಂಬುಲೆನ್ಸ್ ಬರಾಕತ್ತೈತಿ." ಅವನ ಹಿಂದೆ ಮಗು ಅಳುತ್ತಿತ್ತು. ಕಾರು ಹೇಗೆ ಓಡಿಸಿದೆನೋ ನೆನಪಿಲ್ಲ. ಆಸ್ಪತ್ರೆಯಲ್ಲಿ ನಿನ್ನ ತುಟಿ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಸೂಜಿ ಚುಚ್ಚಿದ ಜಾಗದಿಂದೆಲ್ಲ ರಕ್ತ ಒಸರುತ್ತಿತ್ತು. ಬೇರೆಯವರ ರಕ್ತವನ್ನು ಬಾಟಲಿ ಬಾಟಲಿ ಏರಿಸುತ್ತಿದ್ದರು. ಬದುಕುತ್ತಾಳಾ ಎಂದು ಇಮ್ತಿಯಾಜ್ ಕೇಳಿದ. ಡಾಕ್ಟರು ನಮ್ಮನ್ನೇ ತಿರುಗಿ ಕೇಳಿದರು — ಎರಡು ಬಾಟಲಿಗಳಿದ್ದವಲ್ಲ, ಮರೆತು ಎರಡರಿಂದಲೂ ತೆಗೆದುಕೊಂಡಿರಬಹುದೇ?

ಇಮ್ತಿಯಾಜ್ ನನ್ನ ಕಡೆ ತಿರುಗಿದ. ದಿನವೂ ಆ ಹೊತ್ತಿಗೆ ನಿನ್ನ ಜೊತೆ ಇರುತ್ತಿದ್ದವಳು ನಾನು. ಒಂದೇ ಮಾತು ಸಾಕಾಗಿತ್ತು: ಇಲ್ಲ, ಅವಳಲ್ಲ, ನಾನು. ಅದೇ ಕ್ಷಣ ಡಾಕ್ಟರಿಗೂ ಅದು ಬೇಕಾಗಿತ್ತು — ಒಳಗೆ ಏನು ಹೋಗಿದೆ ಎಂದು ತಿಳಿಯದೆ ಅವರು ನಿನ್ನ ಜೀವದ ಜೊತೆ ಗುದ್ದಾಡುತ್ತಿದ್ದರು. ನಾನು ಹೇಳಿದ್ದು ಇಷ್ಟು.

"ಇರಬಹುದು. ಆಕಿಗೆ ನಿದ್ದಿ ಇಲ್ಲ. ಮರತಿರಬಹುದು."

ಇಂಗ್ಲಿಷಿನಲ್ಲಿ ಡಾಕ್ಟರಿಗೂ ಅದನ್ನೇ ಹೇಳಿದೆ. ನೀನು ಉಳಿದೆ. ಅದು ಅವರ ಪುಣ್ಯ, ನಿನ್ನ ಆಯುಷ್ಯ. ನನ್ನ ಪಾಲು ಅದರಲ್ಲಿ ಏನೂ ಇಲ್ಲ.

ಮಗುವಿಗೆ ಬಟ್ಟೆ ತರುತ್ತೇನೆಂದು ಬೀಗದ ಕೈ ಇಸಿದುಕೊಂಡು ನಿನ್ನ ಮನೆಗೆ ಹೋದೆ. ಬಟ್ಟೆಯ ಜೊತೆ ಉಂಡೆಯ ಡಬ್ಬಿಯನ್ನೂ ಎತ್ತಿಕೊಂಡೆ. ದಾರಿಯಲ್ಲಿ ಒಂದು ಗ್ಯಾಸ್ ಸ್ಟೇಷನ್ನಿನ ಕಸದ ಡ್ರಮ್ಮಿಗೆ, ಡಬ್ಬಿಯ ಸಮೇತ ಹಾಕಿದೆ. ಅಂದು ಕೈ ಬಂತು ನೋಡು.

ಅದರಿಂದ ಇನ್ನೊಂದು ಅನ್ಯಾಯವಾಯಿತು. ನೀನು ಮನೆಗೆ ಬಂದ ಮೇಲೆ ಗುಳಿಗೆಯನ್ನು ಇಮ್ತಿಯಾಜ್ ತನ್ನ ವಶಕ್ಕೆ ತೆಗೆದುಕೊಂಡ, ದಿನಕ್ಕೊಂದನ್ನು ತಾನೇ ನಿನ್ನ ಅಂಗೈಗೆ ಹಾಕುತ್ತಿದ್ದ. ಪರೀಕ್ಷೆಗಳೆಲ್ಲ ಸರಿಯಾಗಿ ಬರತೊಡಗಿದವು. ನೋಡು, ನನ್ನ ಕೈಗೆ ಬಂದ ಮೇಲೆ ಹೇಗೆ ಸರಿಯಾಯಿತು ಎಂದ. ನಿನ್ನ ಅತ್ತೆ ಊರಿನಿಂದ ಫೋನಿನಲ್ಲಿ, ಗುಳಿಗೆ ನುಂಗಲು ಬಾರದವಳ ಕೈಗೆ ಕೂಸು ಹೇಗೆ ಕೊಡುವುದು ಎಂದರು. ಸರಿಯಾದದ್ದು ಉಂಡೆ ನಿಂತಿದ್ದರಿಂದ. ಅದು ಗೊತ್ತಿದ್ದವಳು ನಿನ್ನ ಪಕ್ಕದಲ್ಲೇ ಸನಾಳನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ನೀನು ಮಾತ್ರ ಸ್ವಲ್ಪ ದಿನ ಹಟ ಹಿಡಿದೆ. "ಅಜಾನ್ ಆದ ಮ್ಯಾಲ ಒಂದ ನುಂಗಿನಿ. ನನಗ ನೆನಪೈತಿ" ಎನ್ನುತ್ತಿದ್ದೆ. ಆಮೇಲೆ ದನಿ ಸಣ್ಣದಾಯಿತು. ಆಮೇಲೆ ಹೇಳುವುದನ್ನೇ ಬಿಟ್ಟೆ.

ನೀನು ಫಾರ್ಮಸಿಯಲ್ಲಿ ಕೆಲಸ ಮಾಡುವ ಕೋರ್ಸಿಗೆ ಸೇರಬೇಕೆಂದಿದ್ದೆ. "ಅಪ್ಲೈ ಮಾಡಿದೀನಿ ಅಕ್ಕಾ" ಎಂದು ಬಸುರಿಯಿದ್ದಾಗ ಕುಣಿದಿದ್ದೆ. ಆ ಘಟನೆಯ ಮೇಲೆ ಅದರ ಸುದ್ದಿ ಎತ್ತಲಿಲ್ಲ. ನನ್ನದೇ ಎರಡು ಬಾಟಲಿ ಸಂಭಾಳಿಸಲು ಬರಲಿಲ್ಲ, ಊರವರದು ಏನು ಕೊಡಲಿ ಎಂದೆ ಒಮ್ಮೆ. ನಗುತ್ತಲೇ ಅಂದೆ. ನಾನೂ ನಕ್ಕೆ.

ನೀವು ಶಿಕಾಗೋ ಕಡೆ, ಸ್ಕೋಕಿಗೆ ಹೋದ ಮೇಲೆ ನಾನು ಉಸಿರು ಬಿಟ್ಟೆ, ಸುಳ್ಳು ಹೇಳುವುದಿಲ್ಲ. ನನ್ನನ್ನು ಯಾರೂ ಗುರುತಿಸದ ಒಂದು ಔಷಧಿ ಅಂಗಡಿಗೆ ಹೋಗಿ ಆ ಬೇರಿನ ಬಗ್ಗೆ ಕೇಳಿದೆ. ಆ ಗುಳಿಗೆಯ ಜೊತೆ ಅದು ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ, ಎರಡನ್ನೂ ಕೂಡಿಸಬಾರದು ಎಂದು ಆ ಮನುಷ್ಯ ಹೇಳಿದ. ಯಾರಾದರೂ ತಗೊಳ್ಳುತ್ತಿದ್ದಾರೆಯೇ ಎಂದು ಕೇಳಿದ. ಇಲ್ಲ, ಸುಮ್ಮನೆ ಕೇಳಿದೆ ಎಂದೆ. ಬೇರನ್ನು ದೂರುವುದಿಲ್ಲ ತಸ್ನೀಮ್. ಅದರ ಪಾಡಿಗೆ ಅದು ಒಳ್ಳೆಯ ಬೇರೇ ಇರಬಹುದು, ಅದರ ಕಟ್ಟಳೆ ಬಲ್ಲವರ ಕೈಯಲ್ಲಿ. ನನ್ನ ಕೈಗೆ ಅದು ಬಂದದ್ದು ಕಟ್ಟಳೆಯ ಸಮೇತ, ನಾನು ಬೇರನ್ನಷ್ಟೇ ಇಟ್ಟುಕೊಂಡೆ. ಬೇರೆ ಕಾರಣವೂ ಇದ್ದೀತು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಇದ್ದರೂ — ಅದನ್ನು ಹೇಳಬೇಕಾದವರು ಡಾಕ್ಟರು. ಅವರಿಗೆ ಹೇಳಲು ನಾನು ಬಿಡಲಿಲ್ಲವಲ್ಲ.

ಕಳೆದ ರಂಜಾನ್ ಹಬ್ಬಕ್ಕೆ ನಿಮ್ಮ ಮನೆಗೆ ಬಂದಿದ್ದೆ. ಎಲ್ಲರೂ ಹೊರಗೆ ಹೊರಟು ಕಾರಿನಲ್ಲಿ ಕುಳಿತಾಗ ನೀನು ಒಲೆ ಆರಿಸಿದೆನೋ ಇಲ್ಲವೋ ಎಂದು ಒಳಗೆ ಓಡಿದೆ. ಬಂದೆ, ಮತ್ತೆ ಓಡಿದೆ. ಹಿಂದಿನ ಸೀಟಿನಲ್ಲಿ ಸನಾ ನಕ್ಕು ನನಗೆ ಹೇಳಿದಳು: "ಮಾಮ್ ಫರ್ಗೆಟ್ಸ್ ಎವ್ರಿಥಿಂಗ್, ಆಂಟಿ. ಶಿ ಆಲ್ಮೋಸ್ಟ್ ಡೈಡ್ ವನ್ಸ್." ಒಲೆ ಎರಡು ಸಲವೂ ಆರಿಯೇ ಇತ್ತು. ನೀನು ಯಾವುದನ್ನೂ ಮರೆಯುವವಳಲ್ಲ. ನನ್ನ ಸುಳ್ಳು ನಿನ್ನ ಮಗಳ ಬಾಯಿಗೆ ಬಂದು ಕುಳಿತಿತ್ತು. ಅವಳಿಗೆ ಅದು ಅಮ್ಮನ ಗುಣ, ಮನೆಯ ತಮಾಷೆ. ಆಗಲೇ ಹೇಳಬೇಕಿತ್ತು. ಶೀರ್‌ಕುರ್ಮಾ ಕುಡಿದು, ಹೊಟ್ಟೆ ತುಂಬಿತು ಎಂದು ಹೇಳಿ, ಹೈವೇ ಹತ್ತಿ ಬಂದುಬಿಟ್ಟೆ.

ಈ ವಾರ ನೀನು ಫೋನು ಮಾಡಿದೆ. ಮತ್ತೆ ಬಸುರಿ, ದಿನ ಹತ್ತಿರ ಬಂದಿದೆ. ಹಿಂದೊಮ್ಮೆ ಹೆಪ್ಪುಗಟ್ಟಿದ್ದರಿಂದ ಹೆರಿಗೆಯ ಮೇಲೆ ಅದೇ ಗುಳಿಗೆ ಕೊಡುತ್ತಾರಂತೆ. "ಅಕ್ಕಾ, ನೀ ಬಾ. ಗುಳಿಗಿ ನಿನ್ನ ಕೈಯಾಗ ಇರ್ಲಿ. ಇವರಿಗೆ ಅಂಗಡಿ ಬಿಟ್ಟು ಬರಾಕ ಆಗೂದಿಲ್ಲ, ನನ್ನ ಮ್ಯಾಲ ನನಗ ಭರೋಸಾ ಇಲ್ಲ" ಎಂದೆ. ಆಮೇಲೆ ದನಿ ಇಳಿಸಿ, ಚಿಕ್ಕ ಹುಡುಗಿಯ ಹಾಗೆ, "ಉಂಡಿನೂ ತಗೊಂಡ್ ಬಾ. ಆವಾಗ ಮಾಡಿದ್ಯಲ್ಲ, ಆ ಘಮದ್ದು. ಯಾರ ಉಂಡಿಗೂ ಆ ಘಮ ಇಲ್ಲ" ಎಂದೆ.

ನಾನು ಹೂಂ ಎಂದೆ.

ನಿನ್ನೆ ಮೊದಲು ಲಿನ್‌ಗೆ ಹೇಳಿದೆ. ಅವಳು ಸಮಾಧಾನದ ಮಾತು ಆಡಲಿಲ್ಲ. ನಿನ್ನ ಗೆಳತಿಗೆ ಹೇಳಿದೆಯಾ ಎಂದಷ್ಟೇ ಕೇಳಿದಳು. ಇಲ್ಲ ಎಂದೆ. ಮತ್ತೆ ನನಗೇಕೆ ಹೇಳುತ್ತೀ ಎಂದು ಎದ್ದು ಹೋದಳು.

ಇದನ್ನು ಅಂಚೆಗೆ ಹಾಕುವುದಿಲ್ಲ. ಕಾಗದ ಓದಿ ನೀನೊಬ್ಬಳೇ ನುಂಗಿಕೊಂಡುಬಿಡುತ್ತೀ, ನಿನ್ನ ಸ್ವಭಾವ ನನಗೆ ಗೊತ್ತು. ಶನಿವಾರ ನಾನೇ ಬರುತ್ತೇನೆ. ನಿನ್ನ ಮುಂದೆ, ಇಮ್ತಿಯಾಜನ ಮುಂದೆ ಓದುತ್ತೇನೆ. ಸನಾಳಿಗೆ ಇಂಗ್ಲಿಷಿನಲ್ಲಿ ಹೇಳುತ್ತೇನೆ — ನಿಮ್ಮಮ್ಮ ಮರೆತಿರಲಿಲ್ಲ, ಗಿರಿಜಾ ಆಂಟಿ ಸುಳ್ಳು ಹೇಳಿದ್ದಳು, ಎಂದು. ಫೋನು ಹಾಕಿ ನಿನ್ನ ಅತ್ತೆಗೂ ಹೇಳುತ್ತೇನೆ. ನಿನ್ನ ಡಾಕ್ಟರ ಹತ್ತಿರ ಆ ಬೇರಿನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳುತ್ತೇನೆ. ಆಮೇಲೆ ನೀನು ಹೋಗು ಎಂದರೆ ಹೋಗುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ಅದನ್ನು ಪಡೆಯುವ ಮುಖ ನನಗಿಲ್ಲ.

ಉಂಡೆ ತರುವುದಿಲ್ಲ. ಗುಳಿಗೆಯನ್ನೂ ನಾನು ಇಟ್ಟುಕೊಳ್ಳುವುದಿಲ್ಲ, ತಸ್ನೀಮ್. ಅದು ನಿನ್ನ ಕೈಯಲ್ಲೇ ಇರಲಿ. ಆ ಮನೆಯಲ್ಲಿ ಅಂದು ನಂಬಬೇಕಾಗಿದ್ದ ಕೈ ಅದೊಂದೇ.